ಮಳೆಗಾಗಿ ಕಟ್ಟಿದ ಆಟ

ಕೋಲಾರ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಊರಿನವರು ಕೇಳಿಕೆ ಮೇಷ್ಟ್ರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅರ್ಜಿ ಬರೆಸುವುದು, ತಾಲ್ಲೂಕು ಕಚೇರಿಗೆ ಅಲೆಯುವುದು ಎಲ್ಲ ಆಮೇಲಿನ ಮಾತು. ಆರಿದ್ರಾ ಹನಿಯದೆ, ಪುನರ್ವಸುವೂ ಬರಿದಾಗಿ, ರಾಗಿ ಬಿತ್ತಲು ಹದ ಸಿಗದೆ ಹೋದಾಗ ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರಲ್ಲಿ ಒಬ್ಬರಾದರೂ ‘ವಿರಾಟಪರ್ವ ಆಡ್ಸೋಣ’ ಅನ್ನುತ್ತಿದ್ದರು. ಅಷ್ಟು ಸಾಕು, ಊರಿಗೆ ಊರೇ ಕೆಲಸಕ್ಕೆ ಬೀಳುತ್ತಿತ್ತು.

ಬೇರೆ ಕಡೆ ಮೂಡಲಪಾಯವೆಂದು ಹೆಸರಾದ ಬಯಲಾಟವನ್ನು ನಮ್ಮ ಕಡೆ ಕೇಳಿಕೆ ಎನ್ನುತ್ತೇವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಗಡಿಸೀಮೆ ಇದು. ಹಾಗಾಗಿ ಹಾಡು ತೆಲುಗಿನಲ್ಲಿ, ನಗಿಸುವ ಮಾತು ಕನ್ನಡದಲ್ಲಿ ನಡೆಯುವ ಆಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವೇಷ ಕಟ್ಟುವವರು ಊರಿನ ಒಕ್ಕಲಮಕ್ಕಳೇ. ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ರಾತ್ರಿಹೊತ್ತು ಪಾತ್ರ ಕಲಿಸುತ್ತಿದ್ದರು. ಅವರ ಊಟ ಸರದಿಯ ಮೇಲೆ ಮನೆಮನೆಯಲ್ಲಿ. ಡ್ರೆಸ್ಸಿನ ಬಾಡಿಗೆಗೆ ದುಡ್ಡಿಲ್ಲದವರು ರಾಗಿ ಕೊಡುತ್ತಿದ್ದರು, ರಾಗಿಯೂ ಇಲ್ಲದವರು ಚಪ್ಪರಕ್ಕೆ ಗಳ, ಸೋಗೆ ಹೊತ್ತು ತರುತ್ತಿದ್ದರು.

ಅಷ್ಟೊಂದು ಪ್ರಸಂಗಗಳಿದ್ದೂ ವಿರಾಟಪರ್ವವೇ ಏಕೆ? ಅಜ್ಞಾತವಾಸದ ಪಾಂಡವರು ಎಲ್ಲಿ ಅಡಗಿದ್ದಾರೆಂದು ಕೌರವರು ತಲೆಕೆಡಿಸಿಕೊಂಡಾಗ ಭೀಷ್ಮ ಒಂದು ಗುರುತು ಹೇಳುತ್ತಾನೆ. ಧರ್ಮರಾಯ ಇರುವ ನಾಡಿನಲ್ಲಿ ಮಳೆ ಕಾಲಕ್ಕೆ ಸರಿಯಾಗಿ ಬೀಳುತ್ತದೆ, ಪೈರು ತುಂಬಿರುತ್ತದೆ, ಹಸುಗಳು ಕೊಬ್ಬಿರುತ್ತವೆ, ಅಲ್ಲಿ ಹುಡುಕಿ ಎಂದು. ಆ ಕಥೆಯಲ್ಲಿ ಮಳೆ ನಾಡಿನ ನಡತೆಯ ಅಳತೆಗೋಲು. ಅದನ್ನು ಆಡಿಸಲು ಹೊರಟ ಊರು ತನ್ನ ನಡತೆಯನ್ನೂ ಒಂದಿಷ್ಟು ನೋಡಿಕೊಳ್ಳಬೇಕಾಗುತ್ತಿತ್ತು. ನಮ್ಮೂರಲ್ಲಿ ಬದುವಿನ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಮೊದಲು ಕೂರಿಸಿ ರಾಜಿ ಮಾಡಿಸಿ, ಆಮೇಲೆ ಒಬ್ಬನಿಗೆ ಭೀಮ, ಇನ್ನೊಬ್ಬನಿಗೆ ಕೀಚಕನ ವೇಷ ಕೊಟ್ಟಿದ್ದರಂತೆ. ಸಿಟ್ಟೆಲ್ಲ ಆಟದಲ್ಲೇ ತೀರಲಿ ಎಂದಿರಬೇಕು!

ಹವಾಮಾನ ಬದಲಾವಣೆಯ ವಿಷಯವನ್ನು ಕಲೆಯ ಮೂಲಕ ಜನಕ್ಕೆ ಮುಟ್ಟಿಸಬೇಕು, ನೋಡುವವರನ್ನೂ ಅದರಲ್ಲಿ ತೊಡಗಿಸಬೇಕು ಎಂಬ ಮಾತು ಈಗ ದೊಡ್ಡ ನಗರಗಳಲ್ಲಿ ಕೇಳಿಬರುತ್ತದೆ. ಓಲಾಫುರ್ ಎಲಿಯಾಸನ್ ಎಂಬ ಕಲಾವಿದ ಗ್ರೀನ್‌ಲ್ಯಾಂಡಿನ ಹಿಮದ ಗಡ್ಡೆಗಳನ್ನು ತಂದು 2014ರಲ್ಲಿ ಕೋಪನ್‌ಹೇಗನ್ನಿನ, 2015ರ ಹವಾಮಾನ ಶೃಂಗಸಭೆಯ ಹೊತ್ತಿಗೆ ಪ್ಯಾರಿಸ್ಸಿನ ಚೌಕದಲ್ಲಿ ಇಟ್ಟ. ಜನ ಮುಟ್ಟಿದರು, ತಬ್ಬಿದರು, ಕಿವಿ ಇಟ್ಟು ಕೇಳಿದರು, ಹಿಮ ಕರಗಿತು. ಅದಕ್ಕೂ ಮುಂಚೆ, 1982ರಲ್ಲಿ, ಜೋಸೆಫ್ ಬಾಯ್ಸ್ ಎಂಬಾತ ಜರ್ಮನಿಯ ಕಾಸೆಲ್ ಊರಿನಲ್ಲಿ 7000 ಓಕ್ ಸಸಿ ನೆಡುವ ಕೆಲಸ ಶುರುಮಾಡಿದ. ಒಂದೊಂದು ಗಿಡದ ಪಕ್ಕಕ್ಕೂ ಒಂದೊಂದು ಕಲ್ಲುಕಂಬ. ಊರಿನವರು ಕೈಹಾಕಿದರು, ಬಾಯ್ಸ್ ತೀರಿಕೊಂಡ ಮರುವರ್ಷ, 1987ರಲ್ಲಿ, ಕೆಲಸ ಮುಗಿಯಿತು. ನಾನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹುಟ್ಟಿ, ಮಾಲೂರು, ಮುಳಬಾಗಿಲುಗಳಲ್ಲಿ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ಇಂಥ ಸುದ್ದಿ ಓದಿದಾಗೆಲ್ಲ, ಇದು ನಮ್ಮ ಸೀಮೆಯ ಹಳೇ ಕಸುಬಲ್ಲವೇ ಅನ್ನಿಸುತ್ತದೆ.

ಕಸುಬು ಬೆಳೆದದ್ದು ನೆಲದ ಗುಣದಿಂದ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳೇನೋ ದೊಡ್ಡವು, ಆದರೆ ಬಹುಪಾಲು ತಿಂಗಳು ಅಲ್ಲಿ ಕಾಣುವುದು ಮರಳು. ಬೀಳುವ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರಬೇಕು, ಬಂದದ್ದನ್ನು ಹಿಡಿದಿಡಬೇಕು. ಅದಕ್ಕಾಗಿಯೇ ಹಿಂದಿನವರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆಯಾಗುವ 2007ಕ್ಕೆ ಮುಂಚಿನ ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಕೆರೆಗಳಿದ್ದವು. ಬೇತಮಂಗಲದ ಕೆರೆ ಗಂಗ, ನೊಳಂಬರ ಕಾಲದಿಂದ ಶಾಸನಗಳಲ್ಲಿ ಬರುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟವನ್ನು ತಿರುವಿದರೆ ಕೆರೆ ಕಟ್ಟಿಸಿದವರು, ಒಡೆದ ಏರಿ ಕಟ್ಟಿದವರು, ಅವರಿಗೆ ಬಿಟ್ಟ ಮಾನ್ಯದ ಭೂಮಿ ಪುಟಪುಟದಲ್ಲೂ ಸಿಗುತ್ತವೆ. ಕೆರೆಗೆ ಏರಿ, ತೂಬು, ಕೋಡಿ ಇದ್ದಂತೆ ನೀರಗಂಟಿಯೂ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಮಾತಿನ ಮೇಲೆ ನಡೆಯುತ್ತಿತ್ತು.

ಇಷ್ಟೆಲ್ಲ ಇದ್ದೂ ಬರ ಬಂತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬಲವಾದ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಲ್ಲಿ ಅದನ್ನು ಧಾತು ಈಶ್ವರ ಬರ ಎಂದು ಕರೆದರು. ನಮ್ಮ ತೆಲುಗು ಅಜ್ಜಿಯರ ಬಾಯಲ್ಲಿ ಅದು ‘ಧಾತ ಕರುವು’. ಬರ ಕಂಡವರ ಮೊಮ್ಮಕ್ಕಳ ಕಾಲಕ್ಕೂ ಅಳತೆ ಅದೇ ಆಗಿತ್ತು. ಯಾವ ವರ್ಷ ಎಷ್ಟೇ ಕೆಟ್ಟರೂ ‘ಧಾತ ಕರುವಿನಷ್ಟು ಅಲ್ಲ ಬಿಡು’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ದೊಡ್ಡವರ ಕೇಳಿಕೆಗೆ ತಿಂಗಳುಗಟ್ಟಲೆ ಸಿದ್ಧತೆ ಬೇಕು. ಮಕ್ಕಳ ಮಳೆರಾಯನಿಗೆ ಒಂದು ಬೆಳಗ್ಗೆ ಸಾಕು. ಕೆರೆಯಂಗಳದ ಮಣ್ಣು ತಂದು, ಮಣೆಯ ಮೇಲೆ ಬೊಂಬೆ ಮಾಡಿ, ಬೇವಿನ ಸೊಪ್ಪು ಸಿಕ್ಕಿಸಿ, ಬರಿಮೈಯ ಹುಡುಗನೊಬ್ಬನ ತಲೆಯ ಮೇಲಿಡುವುದು. ಹಿಂದೆ ಮುಂದೆ ಹುಡುಗರ ದಂಡು, ಹಾಡು. ಮನೆಯ ಮುಂದೆ ನಿಂತರೆ ಹೆಂಗಸರು ಮಳೆರಾಯನ ಮೇಲೆ ನೀರು ಸುರಿಯಬೇಕು. ಹೊತ್ತವನು ಸುರಿಯುವ ನೀರಿನಡಿ ಗಿರಗಿರನೆ ತಿರುಗಬೇಕು. ಆಮೇಲೆ ಮೊರದಲ್ಲಿ ಹಿಟ್ಟು, ಬೆಲ್ಲ, ಮೆಣಸಿನಕಾಯಿ. ಊರು ಮುಗಿದ ಮೇಲೆ ಕೂಡಿಸಿದ್ದನ್ನೆಲ್ಲ ಕೆರೆಯಂಗಳದಲ್ಲಿ ಅಟ್ಟು ಉಂಡು, ಮಳೆರಾಯನನ್ನು ಅಲ್ಲೇ ಬಿಟ್ಟುಬರುವುದು.

ಮಣೆ ಹೊತ್ತವರಲ್ಲಿ ನಾನೂ ಒಬ್ಬ. ಆಗ ಗೊತ್ತಾಗದ ಒಂದು ಸಂಗತಿ ಮೇಷ್ಟ್ರಾದ ಮೇಲೆ ಹೊಳೆಯಿತು. ತುಂಬುಕೊಡ ಸುರಿದ ಮನೆ ಯಾವುದು, ಚೊಂಬಿನಲ್ಲಿ ಸುರಿದದ್ದು ಯಾವುದು, ಬೊಗಸೆಯಲ್ಲಿ ಚಿಮುಕಿಸಿ ಕೈಮುಗಿದದ್ದು ಯಾವುದು ಎಂಬುದು ದಂಡಿನ ಕಣ್ಣಿಗೆಲ್ಲ ಬೀಳುತ್ತಿತ್ತು. ಯಾರ ಬಾವಿಯಲ್ಲಿ ಇನ್ನೂ ಸೆಲೆಯಿದೆ, ಯಾರದು ಬತ್ತಿದೆ ಎಂಬ ಲೆಕ್ಕ ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತಿತ್ತು. ಮಾರನೇ ದಿನ ಬಾವಿ ಬತ್ತಿದವರು ಸೆಲೆಯಿದ್ದ ಮನೆಗೆ ಬಿಂದಿಗೆ ಹಿಡಿದು ಹೋದರೆ ಆ ಮನೆಯವರು ಇಲ್ಲವೆನ್ನುವ ಹಾಗಿರಲಿಲ್ಲ.

ಹೆಂಗಸರದು ಚಂದಮಾಮನ ಪೂಜೆ. ಹೊಸ ಚಂದ್ರ ಕಂಡಲ್ಲಿಂದ ಹುಣ್ಣಿಮೆಯವರೆಗೆ ಸಂಜೆ ಹೊತ್ತು ಗುಡಿಯ ಮುಂದಿನ ಬಯಲನ್ನು ಸಾರಿಸಿ ರಂಗೋಲಿಯಲ್ಲಿ ಚಂದಮಾಮನನ್ನು ಬರೆಯುತ್ತಿದ್ದರು. ರಂಗೋಲಿ ಪುಡಿಯ ಜತೆ ಇದ್ದಿಲು, ಅರಿಶಿನ, ಕುಂಕುಮ ಮನೆಯಲ್ಲಿ ಏನಿದೆಯೋ ಅದು. ಬರೆಯುವ ಕೈ ಒಬ್ಬರದಲ್ಲ. ಒಬ್ಬಳು ಕಣ್ಣು ತಿದ್ದಿದರೆ ಇನ್ನೊಬ್ಬಳು ಕಿರೀಟ ಬಿಡಿಸುವಳು. ಸುತ್ತಲೂ ಹಾಡು, ಕೋಲಾಟ. ಪ್ರತಿ ಮನೆಯಿಂದಲೂ ಆ ದಿನದ ಅಡುಗೆ ಬರಬೇಕು. ಬಂದ ಮುದ್ದೆ, ಸೊಪ್ಪಿನ ಸಾರು, ಹುರುಳಿ ಗುಗ್ಗರಿಯನ್ನು ಚಂದಮಾಮನ ಸುತ್ತ ಇಟ್ಟು, ಎಡೆ ತೋರಿಸಿ, ಆಮೇಲೆ ಎಲ್ಲರೂ ಹಂಚಿಕೊಂಡು ಉಣ್ಣುವುದು. ಕಡೆಯ ರಾತ್ರಿ ಇಬ್ಬರು ಮಕ್ಕಳಿಗೆ ಗಂಡು ಹೆಣ್ಣಿನ ವೇಷ ಹಾಕಿ ಮದುವೆ ಮಾಡಿ, ಮೆರವಣಿಗೆ. ಕೆಲವು ಊರುಗಳಲ್ಲಿ ಕಪ್ಪೆಗಳಿಗೇ ಮದುವೆ.

‘ಇಷ್ಟು ಮಾಡಿದ್ರೆ ಮಳೆ ಬರುತ್ತೇನಮ್ಮ?’ ಎಂದು ಕಾಲೇಜು ಓದುವಾಗ ನಮ್ಮಮ್ಮನನ್ನು ಕೆಣಕಿದ್ದೆ.

‘ಬರೋದು ಬಿಡೋದು ಅವನಿಷ್ಟ ಕಣಪ್ಪ. ಯಾರ ಮನೇಲಿ ಒಲೆ ಹತ್ತಿಲ್ಲ ಅಂತ ನಮಗಾದ್ರೂ ಗೊತ್ತಾಗ್ಬೇಕಲ್ಲ’ ಅಂದಳು.

ಓದಿದವರು ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಿದ್ದೇವೆ. ಮೋಡಕ್ಕೂ ಕಪ್ಪೆ ಮದುವೆಗೂ ಸಂಬಂಧವಿಲ್ಲ ಎಂಬುದು ನಿಜ. ಆದರೆ ಆ ರಾತ್ರಿಗಳಲ್ಲಿ ಊರಿನ ಎಲ್ಲ ಮನೆಗಳೂ ಬರದ ವಿಷಯವನ್ನು ಒಟ್ಟಿಗೆ ಕುಳಿತು ಒಪ್ಪಿಕೊಳ್ಳುತ್ತಿದ್ದವು. ಸುದ್ದಿ ಹೇಳುವವನು, ಕೇಳುವವನು ಎಂಬ ಎರಡು ಪಂಗಡ ಅಲ್ಲಿರಲಿಲ್ಲ.

ಎಲ್ಲ ಮನೆ ಎಂದೆನಲ್ಲ, ಅಲ್ಲೊಂದು ಸುಳ್ಳಿದೆ. ಆಟಕ್ಕೆ, ಮೆರವಣಿಗೆಗೆ ತಮಟೆ ಬಡಿದವರು ದಲಿತ ಕೇರಿಯವರು. ತೂಬು ಎತ್ತುತ್ತಿದ್ದ ನೀರಗಂಟಿಯೂ ಬಹಳ ಊರುಗಳಲ್ಲಿ ಅದೇ ಕೇರಿಯವನು. ಕೆರೆಯ ನೀರನ್ನು ಊರಿಗೆಲ್ಲ ಹಂಚಿದ ಕೈಗೆ ಊರಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಚಂದಮಾಮನ ಊಟದ ಸಾಲಿನಲ್ಲಿ ಆ ಕೇರಿಯ ಹೆಂಗಸರ ಗಂಗಳ ದೂರವೇ ಇರುತ್ತಿತ್ತು. ಧರ್ಮರಾಯನ ನಾಡಿನಲ್ಲಿ ಮಳೆಯಾಗುತ್ತದೆ ಎಂದು ರಾತ್ರಿಯಿಡೀ ಹಾಡಿದ ಊರುಗಳು ಈ ಒಂದು ಅಧರ್ಮವನ್ನು ಕಾಣದಂತೆ ನಡೆದುಕೊಂಡವು. ಹಳೆಯದನ್ನು ಹೊಗಳುವಾಗ ಇದನ್ನು ಮುಚ್ಚಿಡಬಾರದು.

ಆ ತಮಟೆಯೇ ಮುಂದೆ ಬೇರೆ ಹಾಡಿಗೆ ಬಡಿಯಿತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳವಳಿ ಹಬ್ಬಿದಾಗ ಕೋಲಾರ ಅದರ ಹಾಡುಗಳ ತವರಾಯಿತು. ಕೋಟಿಗಾನಹಳ್ಳಿ ರಾಮಯ್ಯನವರು ಹಾಡು ಬರೆದರು, ಪಿಚ್ಚಳ್ಳಿ ಶ್ರೀನಿವಾಸರಂಥವರು ಊರೂರಲ್ಲಿ ಹಾಡಿದರು. ಸಮುದಾಯ ತಂಡ ಬೀದಿನಾಟಕವನ್ನು ಜಾಥಾದ ಮೂಲಕ ರಾಜ್ಯದ ಮೂಲೆಮೂಲೆಗೆ ಒಯ್ದಿತು. ವೇಷಕ್ಕೆ ಕಿರೀಟ ಬೇಡ, ಭುಜದ ಮೇಲೊಂದು ಟವೆಲು ಸಾಕು ಎಂಬುದನ್ನು ನಮ್ಮ ಹುಡುಗರು ಅಲ್ಲಿಂದ ಕಲಿತರು. ನೀರು ಯಾರದು ಎಂಬ ಪ್ರಶ್ನೆಯನ್ನು ಅಂಗಳದ ನಡುವೆ ನಿಂತು ಕೇಳಲು ಧೈರ್ಯ ಬಂದದ್ದೂ ಆಗಲೇ.

ಅಷ್ಟರಲ್ಲಿ ನೆಲವೂ ಬದಲಾಗಿತ್ತು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಬಂತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿದ ಸುದ್ದಿ ಪತ್ರಿಕೆಯಲ್ಲಿ ಓದಿದ್ದು ನೆನಪಿದೆ. ಇಲ್ಲಿ ಮಾತ್ರ ಗಿಡ ಬೆಳೆಯುತ್ತಲೇ ಹೋಯಿತು. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಕೊಳವೆಬಾವಿಗಳು ನೂರಾರು ಅಡಿಯಿಂದ ಸಾವಿರ ಅಡಿಗೆ, ಅಲ್ಲಿಂದಲೂ ಕೆಳಕ್ಕೆ ಇಳಿದವು. ನೀರಿನ ಜತೆ ಫ್ಲೋರೈಡ್ ಮೇಲೆ ಬಂತು. ಕೆರೆ ನೀರು ಯಾರಿಗೂ ಬೇಡವಾದ ಮೇಲೆ ನೀರಗಂಟಿಯ ಕೆಲಸ ಹೋಯಿತು. ನೀರಗಂಟಿ ಇಲ್ಲದ ಮೇಲೆ ಕಾಲುವೆ ಹೂಳು ತುಂಬಿತು. ಮನೆಗೊಂದು ಮೋಟಾರು ಬಂದಾಗ ಬರವೂ ಮನೆಮನೆಯದಾಯಿತು. ಪಕ್ಕದ ಮನೆಯವನ ಬೋರು ಬತ್ತಿದರೆ ನನಗೇನು ಎನ್ನುವ ಕಾಲ ಶುರುವಾದದ್ದು ಹೀಗೆ. ಚಂದಮಾಮನ ಪೂಜೆ ಕುಗ್ಗಿದ್ದರಲ್ಲಿ ಟಿವಿಗಿಂತ ಈ ಮೋಟಾರಿನ ಪಾತ್ರವೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಬಂದವು. ಆಮೇಲೆ ಜಲಾನಯನ, ಅಂತರ್ಜಲ, ಕೆರೆ ಅಭಿವೃದ್ಧಿ ಎಂದು ಒಂದೊಂದು ಯೋಜನೆಗೂ ಒಂದೊಂದು ಜಾಥಾ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಕೆಲಸ ಒಂಬತ್ತು ಜಿಲ್ಲೆಗಳಲ್ಲಿ ಶುರುವಾದಾಗ ಕೋಲಾರವೂ ಅದರಲ್ಲಿತ್ತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಜಾಥಾಗಳಲ್ಲಿ ನಾನೂ ವೇಷ ಹಾಕಿದೆ, ಹಾಡಿದೆ, ಕಂಜರ ಬಾರಿಸಿದೆ. ಊರಿಗೆ ಜೀಪು ಬರುವುದು, ಬ್ಯಾನರು ಕಟ್ಟುವುದು, ಮುಕ್ಕಾಲು ಗಂಟೆಯ ನಾಟಕ, ಕರಪತ್ರ, ಮತ್ತೆ ಜೀಪು. ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಆಟ ಮುಗಿದ ಮೇಲೆ ಮಜ್ಜಿಗೆ ಕೊಟ್ಟ ಅಜ್ಜಿಯೊಬ್ಬರು ಕೇಳಿದರು: ‘ಚೆನ್ನಾಗಿ ಕುಣಿದ್ರಪ್ಪ. ಎಲ್ಲಾ ನೀವೇ ಮಾಡ್ಬಿಟ್ರಿ, ನಮಗೇನು ಕೆಲಸ ಇಟ್ಟಿದ್ದೀರಿ?’ ನಮ್ಮ ತಂಡದ ಹುಡುಗರು ನಕ್ಕರು. ನನಗೆ ಅಮ್ಮನ ಮಾತು ನೆನಪಾಯಿತು. ಜಾಥಾದಲ್ಲಿ ವಿಷಯ ಸರಿಯಿತ್ತು, ಹಾಡು ಚೆನ್ನಾಗಿತ್ತು. ಊರಿನಿಂದ ಒಂದು ಹಿಡಿ ಹಿಟ್ಟು ಮಾತ್ರ ಬಂದಿರಲಿಲ್ಲ.

ಹಿಡಿ ಹಿಟ್ಟಿನ ಗುಟ್ಟು ಅರಿತವರು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಕಟ್ಟಿದವರು. ಈ ಶತಮಾನದ ಮೊದಲ ದಶಕದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ದಿನಕ್ಕೊಂದು ರೂಪಾಯಿ ಎತ್ತಿಟ್ಟು ಆ ಸಾಂಸ್ಕೃತಿಕ ಕೇಂದ್ರ ಶುರುಮಾಡಿದರು. ದಿನಕ್ಕೊಂದು ರೂಪಾಯಿ ಕೂಲಿಯವನೂ ಕೊಡಬಲ್ಲ. ಕೊಟ್ಟವನು ಆಮೇಲೆ ಅತಿಥಿಯಾಗಿ ಬಂದು ಕೂರುವುದಿಲ್ಲ. ಅಂತರಗಂಗೆಯ ಬೆಟ್ಟಸಾಲಿನ ಬಂಡೆಗಳ ನಡುವೆ ತಿಂಗಳು ತಿಂಗಳೂ ‘ಹುಣ್ಣಿಮೆ ಹಾಡು’ ನಡೆಯಿತು. ನಾಟಕ, ತತ್ವಪದ, ತಮಟೆ, ಮಕ್ಕಳ ಆಟ ಒಂದೇ ಅಂಗಳದಲ್ಲಿ ನಡೆದು, ಎಲ್ಲರ ಊಟವೂ ಅಲ್ಲೇ ಆಗುತ್ತಿತ್ತು. ಊರಿನ ಹೆಂಗಸರು ರಂಗೋಲಿಯ ಸುತ್ತ ಕಾಯುತ್ತಿದ್ದ ಹುಣ್ಣಿಮೆಯನ್ನು ಅವರು ಬೆಟ್ಟಕ್ಕೆ ಕರೆದೊಯ್ದರು, ಗಂಗಳ ದೂರವಿಡುವ ಪದ್ಧತಿಯನ್ನು ಬೆಟ್ಟದ ಕೆಳಗೇ ಬಿಟ್ಟರು. ಅವರು ಹವಾಮಾನ ಎಂಬ ಪದವನ್ನು ಬ್ಯಾನರಿನ ಮೇಲೆ ಬರೆಸಿ ಮೆರೆಯಲಿಲ್ಲ. ಆದರೆ ಬಂಡೆ, ದೊಣೆ, ಸೀತಾಫಲದ ಪೊದೆಗಳ ನಡುವೆ ರಾತ್ರಿ ಕಳೆದ ಮಗುವಿಗೆ ಬೆಟ್ಟದ ನೀರು ಎಲ್ಲಿ ಹರಿದು ಯಾವ ಕೆರೆ ಸೇರುತ್ತದೆ ಎಂದು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈಗಿನ ಕಷ್ಟ ಬೇರೆ ಬಗೆಯದು. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಯಿಸುವ ಯೋಜನೆ. ಆ ನೀರಿನ ಶುದ್ಧಿಯ ಬಗ್ಗೆ ಕೋರ್ಟಿನಲ್ಲೂ ಬೀದಿಯಲ್ಲೂ ಬೇಕಾದಷ್ಟು ವಾದ ನಡೆದಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಕೆರೆಯೆಂದರೆ ಊರಿನ ಕಣ್ಣೆದುರಿನ ಮಳೆಯ ಲೆಕ್ಕಪುಸ್ತಕವಾಗಿತ್ತು. ಏರಿಯ ಮೇಲೆ ನಡೆದುಹೋದವರಿಗೆಲ್ಲ ಈ ವರ್ಷ ಎಷ್ಟು ಬಿತ್ತು ಎಂದು ಗೊತ್ತಾಗುತ್ತಿತ್ತು. ಈಗ ಮಳೆಯಿಲ್ಲದ ವರ್ಷವೂ ಕೆಲವು ಕೆರೆಗಳು ತುಂಬಿ ನಿಂತಿರುತ್ತವೆ. 2021ರ ನವೆಂಬರಿನಲ್ಲಿ ಸುಗ್ಗಿಯ ಹೊತ್ತಿಗೆ ಮಳೆ ಹುಯ್ದು ಪಾಲಾರ್ ಉಕ್ಕಿತು, ಬೇತಮಂಗಲದ ಕೆರೆ ಕೋಡಿ ಹರಿಯಿತು, ಹೊಲದಲ್ಲಿದ್ದ ರಾಗಿ ತೆನೆಯಲ್ಲೇ ಮೊಳೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಒಂದು ವರ್ಷ ಬೇಡದ ಹೊತ್ತಿಗೆ ಹೊಳೆಯಾಗಿ ಬರುವುದು, ಇನ್ನೊಂದು ವರ್ಷ ಬಿತ್ತನೆಗೂ ಇಲ್ಲದಿರುವುದು: ಹವಾಮಾನ ಬದಲಾವಣೆ ನಮ್ಮ ಹೊಲಕ್ಕೆ ಬರುವ ರೀತಿ ಇದು. ಕೆರೆ ನೋಡಿ ಮಳೆ ಹೇಳುವ ಕಾಲ ಮುಗಿದಿರುವುದರಿಂದ ಊರು ಬೇರೆ ದಾರಿಯಿಂದ ಅದನ್ನು ಕಣ್ಣಿಗೆ ತಂದುಕೊಳ್ಳಬೇಕಾಗಿದೆ.

ಅದಕ್ಕೆ ಬೇಕಾದ ಸಾಮಾನೆಲ್ಲ ಊರಲ್ಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿದೆ. ಬಿದ್ದ ಪ್ರತಿ ಹನಿಯ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ, ಅಳೆದ ಊರಿಗೆ ಗೊತ್ತಿರುವುದಿಲ್ಲ. ಆ ಅಂಕಿಯನ್ನು ಹುಣ್ಣಿಮೆಗೊಮ್ಮೆ ಗುಡಿ ಮುಂದಿನ ಬಯಲಿಗೆ ತರಬಹುದು. ಈ ತಿಂಗಳು ಬೀಳಬೇಕಾದದ್ದು ಎಷ್ಟು, ಬಿದ್ದದ್ದು ಎಷ್ಟು, ಊರಿನ ಬೋರುಗಳಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು ಎಂಬುದನ್ನು ಹೆಂಗಸರು ರಂಗೋಲಿಯಲ್ಲಿ, ಶಾಲೆ ಮಕ್ಕಳು ಬಣ್ಣದಲ್ಲಿ ಬರೆಯಲಿ. ಶ್ರೀನಿವಾಸಪುರದ ಮಾವಿನ ರೈತ ಹೂ ಬಿಟ್ಟ ದಿನ ಹೇಳಲಿ, ರಾಗಿಯವನು ಬಿತ್ತಿದ ದಿನ ಹೇಳಲಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿಗೂ ಕಲ್ಲಿಗೂ ಬರವಿಲ್ಲ. 2021ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗೆರೆಯನ್ನು ಕೆರೆಯ ತೂಬಿನ ಕಲ್ಲಿನ ಮೇಲೆ ಕೆತ್ತಿಸಿಡಲಿ. ತಮಟೆಯವರನ್ನು ಕರೆಯುವುದಾದರೆ ಊಟದ ಸಾಲಿನಲ್ಲೂ ಕೂರಿಸಿ ಕರೆಯಲಿ.

ಜಾಗೃತಿ ಕಾರ್ಯಕ್ರಮಕ್ಕೆ ಅನುದಾನ ಇಟ್ಟುಕೊಂಡು ಬರುವ ಅಧಿಕಾರಿಗಳಿಗೆ, ಸಂಘಸಂಸ್ಥೆಯವರಿಗೆ ನನ್ನದೊಂದು ಕೋರಿಕೆ. ಊರು ನೋಡುತ್ತ ಕೂರುವ ಆಟವನ್ನು ಇನ್ನು ತರಬೇಡಿ. ಮೊದಲ ದಿನ ಮೊರ ಹಿಡಿದು ಮನೆಮನೆಗೆ ಹೋಗಿ ಹಿಡಿ ಹಿಟ್ಟು ಕೇಳಿ, ಕೊಡದ ಮನೆಯ ಮುಂದೆ ಇನ್ನೊಂದು ಸಲ ನಿಲ್ಲಿ. ಓದುತ್ತಿರುವ ನೀವು ಇದೇ ಸೀಮೆಯವರಾದರೆ ಅನುದಾನಕ್ಕೂ ಕಾಯಬೇಕಿಲ್ಲ. ಮಳೆಯ ಅಂಕಿ ಕೇಳುವುದು ನಿಮ್ಮ ಹಕ್ಕು. ನಾಳೆಯೇ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ, ತಂದು ಅರಳಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ.